ನರ ಸಿಗದ ಹೊತ್ತು

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ನಾನು ಬಸ್ ಸ್ಟ್ಯಾಂಡ್ ಹಿಂದಿನ ಚಿಕನ್ ಅಂಗಡಿಗೆ ಹೋಗುತ್ತೇನೆ. ಹನ್ನೆರಡು ಕೋಳಿ ಕಾಲು ಬೇಕು, ಚರ್ಮ ಸುಲಿಯಬಾರದು, ಮೂಳೆಗೆ ಕತ್ತಿ ತಾಗಿರಬಾರದು. ಮೊದಮೊದಲು ಅಂಗಡಿಯವರಿಗೆ ಇದು ವಿಚಿತ್ರವಾಗಿ ಕಂಡಿತ್ತು. ಚರ್ಮ ಸುಲಿಸಿ ತುಂಡು ಮಾಡಿಸಿಕೊಂಡು ಹೋಗುವುದೇ ನಮ್ಮ ಕಡೆ ರೂಢಿ. ಈಗ ನನ್ನನ್ನು ಕಂಡ ಕೂಡಲೇ ಒಳಗಿನ ಹುಡುಗನಿಗೆ, "ಆಸ್ಪತ್ರೆ ಮೇಡಂ ಬಂದ್ರು ಕಣೋ, ಕಾಲು ಚರ್ಮ ಸಮೇತ ತಗಿ" ಎಂದು ಕೂಗುತ್ತಾರೆ.

ಆ ಕಾಲುಗಳು ಸಾರಿಗಲ್ಲ. ನಮ್ಮದು ತಾಲ್ಲೂಕು ಮಟ್ಟದ ಆಸ್ಪತ್ರೆ. ಹಿಂದುಗಡೆ ಒಂದು ಸ್ಟೋರ್ ರೂಮ್ ಇದೆ. ಅಲ್ಲಿ ಮೇಜಿನ ಮೇಲೆ ಮ್ಯಾಕಿಂಟಾಷ್ ಎನ್ನುವ ರಬ್ಬರ್ ಶೀಟ್ ಹಾಸಿ, ಕಾಲುಗಳನ್ನು ಸಾಲಾಗಿ ಇಟ್ಟು, ಡ್ಯೂಟಿ ಇಲ್ಲದ ಸಿಸ್ಟರ್‌ಗಳು, ಹೊಸದಾಗಿ ಸೇರಿದ ಡಾಕ್ಟರ್‌ಗಳು, ಬಿಡುವಿದ್ದರೆ 108 ಆಂಬುಲೆನ್ಸಿನ ಸಿಬ್ಬಂದಿ, ಎಲ್ಲರೂ ಸುತ್ತ ನಿಲ್ಲುತ್ತೇವೆ. ಮೂಳೆಯೊಳಕ್ಕೆ ಸೂಜಿ ಇಳಿಸುವುದನ್ನು ಅಭ್ಯಾಸ ಮಾಡುತ್ತೇವೆ. ಪುಸ್ತಕದಲ್ಲಿ ಅದಕ್ಕೆ ಇಂಟ್ರಾಆಸಿಯಸ್ ಎಂದು ಹೆಸರು. ನಾವೆಲ್ಲ ಐಒ ಅನ್ನುತ್ತೇವೆ. ಜೀವ ಹೋಗುವ ಹಾಗಿರುವ ರೋಗಿಗೆ ಡ್ರಿಪ್ ಹಾಕಲು ನರ ಸಿಗದೆ ಹೋದರೆ, ನೀರು, ರಕ್ತ, ಔಷಧ ಎಲ್ಲವನ್ನೂ ಮೂಳೆಯ ಮೂಲಕವೇ ಕೊಡುವ ದಾರಿ ಅದು. (ರಕ್ತನಾಳಕ್ಕೂ ನಾವು ಆಡುಮಾತಿನಲ್ಲಿ ನರ ಅಂತಲೇ ಹೇಳುತ್ತೇವೆ. ವಾರ್ಡಿನಲ್ಲಿ ದಿನವಿಡೀ ಕಿವಿಗೆ ಬೀಳುವ ಮಾತು "ನರ ಸಿಗ್ತಿಲ್ಲ ಮೇಡಂ". ಇಲ್ಲೂ ಹಾಗೇ ಬರೆಯುತ್ತೇನೆ.)

ನಾನು ಪಿಜಿ ಓದುತ್ತಿದ್ದಾಗಿನ ಒಂದು ರಾತ್ರಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮೇ ತಿಂಗಳು. ಹನ್ನೊಂದು ತಿಂಗಳ ಮಗು, ಎರಡು ದಿನದಿಂದ ವಾಂತಿ ಭೇದಿ. ಕಣ್ಣು ಗುಳಿ ಬಿದ್ದಿತ್ತು, ನೆತ್ತಿ ಕುಸಿದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸೂಜಿ ಚುಚ್ಚಿದರೆ ಅಳಲೂ ಅದಕ್ಕೆ ತ್ರಾಣವಿರಲಿಲ್ಲ. ಕೈ ನೋಡಿದೆವು, ಕಾಲು ನೋಡಿದೆವು, ತಲೆಯ ಕೂದಲು ಬೋಳಿಸಿ ಅಲ್ಲೂ ನೋಡಿದೆವು. ಒಬ್ಬರಾದ ಮೇಲೆ ಒಬ್ಬರಂತೆ ಐದು ಜನ. ನನ್ನ ಸರದಿ ಮೂರನೆಯದು. ಬಲಗಾಲಿನ ಹರಡಿನ ಹತ್ತಿರ ಕ್ಯಾನುಲಾದಲ್ಲಿ, ಅಂದರೆ ನರದೊಳಗೆ ಇಳಿಸುವ ಸಣ್ಣ ಕೊಳವೆಯಲ್ಲಿ, ಒಂದು ಕೆಂಪು ಹನಿ ಕಂಡಿತು. ತಳ್ಳುವಷ್ಟರಲ್ಲಿ ನರ ಒಡೆದು ಆ ಜಾಗ ಊದಿಕೊಂಡಿತು. ಪ್ರತಿಯೊಬ್ಬರೂ "ಇನ್ನೊಂದು ಸಲ ನೋಡ್ತೀನಿ, ಸಿಗೋ ಹಾಗಿದೆ" ಅನ್ನುತ್ತಿದ್ದೆವು. ನಾನು ಗೋಡೆಯ ಗಡಿಯಾರದ ಕಡೆ ತಿರುಗಿದಾಗ ಮೂವತ್ತೈದು ನಿಮಿಷ ಕಳೆದಿತ್ತು. ಆಮೇಲೆ ಸೀನಿಯರ್ ಬಂದು ಹರಡಿನ ಮೇಲೆ ಚರ್ಮ ಕೊಯ್ದು, ನರ ಎತ್ತಿ, ಕಟ್‌ಡೌನ್ ಮಾಡಿದರು. ನೀರು ಹರಿಯಿತು. ಬೆಳಗಿನ ಜಾವ ಮಗು ತೀರಿಕೊಂಡಿತು.

ಐಒ ಸೂಜಿ ಆ ಆಸ್ಪತ್ರೆಯಲ್ಲಿ ಇತ್ತು. ಬೀರುವಿನಲ್ಲಿತ್ತು. ಬೀರುವಿಗೆ ಬೀಗ, ಬೀಗದ ಕೈ ಹಗಲು ಡ್ಯೂಟಿಯವರ ಹತ್ತಿರ. ದುಬಾರಿ ಸಾಮಾನು, ಕಳೆದರೆ ಲೆಕ್ಕ ಕೊಡಬೇಕು ಅನ್ನುವ ಭಯ. ಆದರೆ ಬೀಗವನ್ನೇ ದೂರಿದರೆ ಅದು ಅರ್ಧ ಸತ್ಯ. ಆ ರಾತ್ರಿ ನಮ್ಮಲ್ಲಿ ಒಬ್ಬರೂ ಬೀಗದ ಕೈ ಎಲ್ಲಿದೆ ಎಂದು ಕೇಳಲೇ ಇಲ್ಲ. ಐಒ ಬಗ್ಗೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಕಾಲಿನ ಚಿತ್ರ ಬಿಡಿಸಿ ಬಾಣದ ಗುರುತು ಹಾಕಿದ್ದೆ. ಆ ಎರಡು ಪುಟ ಆ ರಾತ್ರಿ ನೆನಪಿಗೆ ಬರಲಿಲ್ಲ. ಬಂದಿದ್ದರೂ, ಒಮ್ಮೆಯೂ ಮೂಳೆ ಮುಟ್ಟದ ಕೈ ಮುಂದೆ ಹೋಗುತ್ತಿರಲಿಲ್ಲ. ಐಒ ಹಾಕಿದ್ದರೆ ಆ ಮಗು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ತುಂಬ ತಡವಾಗಿ ಬಂದಿತ್ತು. ಆದರೆ ಎರಡು ದಿನದ ತಡ ಊರಿನದು, ದಾರಿಯದು, ಬಡತನದ್ದು. ಮೂವತ್ತೈದು ನಿಮಿಷದ ತಡ ನಮ್ಮದು.

ಮೂಳೆಯ ಮೂಲಕ ನೀರು ಕೊಡುವುದು ಎಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಮೂಳೆ ಎಂದರೆ ನಮ್ಮ ಕಲ್ಪನೆಯಲ್ಲಿ ಒಣಗಿದ ಗಟ್ಟಿ ವಸ್ತು. ನಾನು ತರಬೇತಿಗೆ ಬಂದವರನ್ನು ಕೇಳುತ್ತೇನೆ: ಮಟನ್ ಸಾರಿನಲ್ಲಿ ನಲ್ಲಿ ಮೂಳೆ ಬಂದರೆ ಏನು ಮಾಡ್ತೀರಿ? ತಟ್ಟೆಗೆ ಕುಟ್ಟಿ ಒಳಗಿನದ್ದನ್ನು ಹೀರುತ್ತೇವೆ ಅನ್ನುತ್ತಾರೆ. ಆ ಒಳಗಿನದ್ದೇ ಮಜ್ಜೆ. ಜೀವಂತ ಮೂಳೆಯಲ್ಲಿ ಅದು ರಕ್ತದಿಂದ ನೆನೆದ ಸ್ಪಂಜಿನ ಹಾಗೆ ಇರುತ್ತದೆ. ಅದರ ತುಂಬ ಸಣ್ಣ ಸಣ್ಣ ರಕ್ತದ ಜಾಗಗಳು. ಅವೆಲ್ಲ ಸೇರಿ ಮೂಳೆಯ ನಡುವಿನ ನಾಳಕ್ಕೆ, ಅಲ್ಲಿಂದ ಹೊರಗಿನ ದೊಡ್ಡ ನರಗಳಿಗೆ, ಅಲ್ಲಿಂದ ಹೃದಯಕ್ಕೆ ರಕ್ತ ಸಾಗಿಸುತ್ತವೆ. ಮೈಯಲ್ಲಿ ನೀರು ಬತ್ತಿದಾಗ, ರಕ್ತ ಹೋದಾಗ, ಕೈಕಾಲಿನ ನರಗಳು ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಚಪ್ಪಟೆಯಾಗಿ ಬಿಡುತ್ತವೆ. ಮಜ್ಜೆಯ ಜಾಗ ಚಪ್ಪಟೆಯಾಗುವುದಿಲ್ಲ, ಸುತ್ತ ಮೂಳೆಯ ಗೋಡೆ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಎಲ್ಲ ಬಾಗಿಲು ಮುಚ್ಚಿದಾಗಲೂ ಆ ಒಂದು ಬಾಗಿಲು ತೆರೆದೇ ಇರುತ್ತದೆ. ನರಕ್ಕೆ ಕೊಡುವ ಔಷಧವನ್ನೇ ಅದೇ ಪ್ರಮಾಣದಲ್ಲಿ ಅಲ್ಲೂ ಕೊಡಬಹುದು.

ಇದು ಹೊಸ ವಿದ್ಯೆಯೂ ಅಲ್ಲ. 1922ರಲ್ಲಿ ಅಮೆರಿಕದ ಸೆಸಿಲ್ ಡ್ರಿಂಕರ್ ಮತ್ತು ಸಂಗಡಿಗರು ಪ್ರಾಣಿಗಳ ಮಜ್ಜೆಯಲ್ಲಿ ರಕ್ತ ಹೇಗೆ ಓಡುತ್ತದೆ ಎಂದು ಅಧ್ಯಯನ ಮಾಡಿದ್ದರು. 1940ರ ಹೊತ್ತಿಗೆ ಟೊಕಾಂಟಿನ್ಸ್ ಮತ್ತು ಓನೀಲ್ ಎಂಬ ವೈದ್ಯರು ಮಜ್ಜೆಗೆ ಕೊಟ್ಟ ದ್ರವ ಬೇಗನೆ ರಕ್ತಕ್ಕೆ ಸೇರುತ್ತದೆ ಎಂದು ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಎದೆಮೂಳೆಯ ಮೂಲಕ ಪ್ಲಾಸ್ಮಾ ಕೊಟ್ಟರು. ಯುದ್ಧ ಮುಗಿಯಿತು, ಪ್ಲಾಸ್ಟಿಕ್ ಕ್ಯಾನುಲಾ ಬಂತು, ಮೂಳೆಯ ದಾರಿಯನ್ನು ಪಶ್ಚಿಮದವರು ಮರೆತೇಬಿಟ್ಟರು. ಮತ್ತೆ ಅವರಿಗೆ ಅದು ನೆನಪಾದ ಕಥೆಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ನೆಲದ್ದು. ಜೇಮ್ಸ್ ಓರ್ಲೋವ್‌ಸ್ಕಿ ಎಂಬ ಅಮೆರಿಕದ ಮಕ್ಕಳ ತಜ್ಞರು ಭಾರತಕ್ಕೆ ಬಂದಿದ್ದಾಗ ಇಲ್ಲಿ ಕಾಲರಾ ಹರಡಿತ್ತು. ನೀರು ಬತ್ತಿದ ಮಕ್ಕಳಿಗೆ ನಮ್ಮ ವೈದ್ಯರು ಮೂಳೆಗೆ ಸೂಜಿ ಹಾಕಿ ನೀರು ಕೊಡುವುದನ್ನು ಅವರು ಕಣ್ಣಾರೆ ಕಂಡರು. ವಾಪಸು ಹೋಗಿ 1984ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಂದು ಐವಿ ಲೈನಿಗೆ, ಅಂದರೆ ನರಕ್ಕೆ ಹಾಕುವ ಡ್ರಿಪ್ಪಿಗೆ, ನನ್ನ ರಾಜ್ಯವನ್ನೇ ಕೊಟ್ಟೇನು ಎನ್ನುವ ಅರ್ಥದ ತಲೆಬರಹ. ಆ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಮಕ್ಕಳ ತುರ್ತು ಚಿಕಿತ್ಸೆಯ ಪಾಠಗಳಲ್ಲಿ ಐಒ ಸೇರಿತು. ಮೊದಲು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಎಂಬ ಮಿತಿ ಇತ್ತು. 2000ದಲ್ಲಿ ಅದನ್ನೂ ತೆಗೆದರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ. ನಮ್ಮ ಕಾಲರಾ ವಾರ್ಡಿನಲ್ಲಿ ಕಂಡ ವಿದ್ಯೆ ಸಮುದ್ರ ದಾಟಿ ಹೋಗಿ, ಮೂಳೆಗೆ ಸೂಜಿ ಇಳಿಸುವ ಬ್ಯಾಟರಿ ಡ್ರಿಲ್ ಆಗಿ, ಗುಲಾಬಿ, ನೀಲಿ, ಹಳದಿ ಸೂಜಿಗಳಾಗಿ ನಮಗೇ ವಾಪಸು ಬಂದಿದೆ. ಅವುಗಳ ಉದ್ದ ಕ್ರಮವಾಗಿ 15, 25, 45 ಮಿಲಿಮೀಟರ್. ಒಳ್ಳೆಯ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಮೂಳೆ ಗಟ್ಟಿಯಾಗಿರುವ ದೊಡ್ಡವರಿಗಂತೂ ಅದು ವರ. ಆದರೆ ನಮ್ಮಂಥ ಆಸ್ಪತ್ರೆಗಳಲ್ಲಿ ಆ ಸೂಜಿಯ ಬೆಲೆ ಕೇಳಿದರೆ ಇಂಡೆಂಟ್, ಅಂದರೆ ಸಾಮಾನಿನ ಬೇಡಿಕೆ ಪಟ್ಟಿ, ಬರೆಯುವವರ ಕೈ ತಡೆಯುತ್ತದೆ. ಹಾಗಾಗಿ ಡ್ರಿಲ್ ಇಲ್ಲದಿದ್ದರೆ ಐಒ ಇಲ್ಲ ಎಂದು ಎಷ್ಟೋ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಇದು ತಪ್ಪು ತಿಳಿವಳಿಕೆ. ಕೈಯಿಂದ ತಿರುಗಿಸಿ ಹಾಕುವ ಸೂಜಿ ಇದೆ. ಮಜ್ಜೆ ಪರೀಕ್ಷೆಗೆ ಬಳಸುವ ಸೂಜಿ ಆಗುತ್ತದೆ. ಅದೂ ಇಲ್ಲದಿದ್ದರೆ ಎಳೆಯ ಮಕ್ಕಳಲ್ಲಿ ದಪ್ಪನೆಯ ಮಾಮೂಲಿ ಇಂಜೆಕ್ಷನ್ ಸೂಜಿಯನ್ನೂ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಚಿಕಿತ್ಸೆಯ ಕೈಪಿಡಿಯಲ್ಲೇ ಇದೆ. ಐಒ ಸೂಜಿಯ ತೂತನ್ನು ಮುಚ್ಚಿರುವ ಕಡ್ಡಿ ಇದರ ಒಳಗೆ ಇಲ್ಲದ್ದರಿಂದ ಮೂಳೆಯ ಚೂರು ಸಿಕ್ಕಿ ಕಟ್ಟಿಕೊಳ್ಳುವ ತೊಂದರೆ ಅದಕ್ಕಿದೆ, ಅಷ್ಟೇ. ಆ ರಾತ್ರಿ ನಮ್ಮ ಟ್ರೇಯಲ್ಲಿ ಅಂಥ ಹತ್ತು ಸೂಜಿ ಬಿದ್ದಿದ್ದವು.

ಈಗ ಕೋಳಿ ಕಾಲಿಗೆ ಬರುತ್ತೇನೆ. ಲೆಗ್ ಪೀಸ್ ಅನ್ನುತ್ತೇವಲ್ಲ, ಅದರ ಮೂಳೆ ಕೋಳಿಯ ಟಿಬಿಯಾನೇ. ಮನುಷ್ಯರಲ್ಲಿ ಮಂಡಿಯ ಕೆಳಗೆ ಯಾವ ಮೂಳೆಗೆ ನಾವು ಸೂಜಿ ಹಾಕುತ್ತೇವೋ ಅದೇ ಮೂಳೆ. ಬಾಯ್ಲರ್ ಕೋಳಿಯ ವಯಸ್ಸು ಒಂದೂವರೆ ತಿಂಗಳು ಇದ್ದರೆ ಹೆಚ್ಚು, ಮೂಳೆ ಮೆತ್ತಗೆ. ಅದು ಹಸುಗೂಸಿನ ಕಾಲಿಗೆ ಪಾಠ. ನಾಟಿ ಕೋಳಿಯದು ಹಾಗಲ್ಲ. ಸೂಜಿ ಒತ್ತಿದರೆ ಮೊದಲು ಜಾರುತ್ತದೆ, ಆಮೇಲೆ ಹಟ ಹಿಡಿಯುತ್ತದೆ. ನಾಲ್ಕೈದು ವರ್ಷದ ಮಗುವಿನ ಮೂಳೆ ನನ್ನ ಕೈಗೆ ಅದಕ್ಕೆ ಹತ್ತಿರ ಅನ್ನಿಸುತ್ತದೆ. ಪ್ರಪಂಚದ ಎಷ್ಟೋ ಕಡೆ ತರಬೇತಿಯಲ್ಲಿ ಕೋಳಿ ಕಾಲು ಬಳಸುತ್ತಾರೆ. ಬಾಯ್ಲರ್, ನಾಟಿ ಎಂಬ ಈ ಭೇದ ಮಾತ್ರ ನಮಗೆ ನಮ್ಮ ಅಡುಗೆಮನೆ ಕಲಿಸಿದ್ದು.

ಮೊದಲು ಜಾಗ ಹುಡುಕುವುದು. ಇದನ್ನು ಕೋಳಿಯ ಮೇಲಲ್ಲ, ನಮ್ಮ ನಮ್ಮ ಕಾಲಿನ ಮೇಲೇ ಮಾಡುತ್ತೇವೆ. ಮಂಡಿ ಚಿಪ್ಪಿನಿಂದ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ಗುಬ್ಬು ಸಿಗುತ್ತದೆ. ಅಲ್ಲಿಂದ ಒಂದು ಬೆರಳಗಲ ಕೆಳಗೆ, ಹೆಬ್ಬೆರಳಿನ ಕಡೆಗೆ, ಅಂದರೆ ಒಳಮಗ್ಗುಲಿಗೆ ಸರಿದರೆ ಮಾಂಸವೇ ಇಲ್ಲದ ಸಮತಟ್ಟಾದ ಮೂಳೆ ಚರ್ಮದ ಕೆಳಗೇ ಇರುತ್ತದೆ. ಸಿಸ್ಟರ್‌ಗಳು ಸೀರೆಯ ಮೇಲಿಂದಲೇ, ಪ್ಯಾಂಟಿನ ಮೇಲಿಂದಲೇ ಒತ್ತಿ ನೋಡಿಕೊಂಡು "ಹೌದಲ್ಲ, ಇಲ್ಲೇ ಇದೆ" ಅನ್ನುತ್ತಾರೆ. ಆ ಮೂಳೆ ಮುರಿದಿದ್ದರೆ ಅಲ್ಲಿ ಹಾಕಬಾರದು. ಆ ಜಾಗದಲ್ಲಿ ಕೀವು, ಹುಣ್ಣು ಇದ್ದರೆ ಬೇಡ. ಹಿಂದಿನ ಎರಡು ದಿನದ ಒಳಗೆ ಅದೇ ಮೂಳೆಗೆ ಆಗಲೇ ಒಂದು ತೂತು ಮಾಡಿದ್ದರೂ ಬೇಡ, ಹಾಕಿದ ನೀರೆಲ್ಲ ಆ ತೂತಿನಿಂದ ಹೊರಗೆ ಸೋರುತ್ತದೆ.

ಆಮೇಲೆ ಹಿಡಿತ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಡಬೇಕು. ಕೈ ಇಡಬಾರದು. ಇದನ್ನು ನಾನು ಎಷ್ಟು ಸಲ ಹೇಳಿದರೂ ಹೊಸಬರ ಎಡಗೈ ತಾನಾಗಿಯೇ ಕಾಲಿನ ಹಿಂದಕ್ಕೆ ಹೋಗುತ್ತದೆ, ಮಗುವಿನ ಕಾಲನ್ನು ಹಿಡಿಯುವ ಅಭ್ಯಾಸವೇ ಹಾಗೆ. ಎಳೆಯ ಮೂಳೆಯಲ್ಲಿ ಸೂಜಿ ಆ ಕಡೆಯಿಂದ ಹೊರಬಂದರೆ ನೇರ ಅಂಗೈಗೆ. ಒಂದು ಸಲ ಕೋಳಿ ಕಾಲಿನಲ್ಲಿ ಸೂಜಿ ತೂರಿ ಆಚೆ ಬಂದದ್ದನ್ನು ಕಂಡವರು ಮತ್ತೆ ಆ ತಪ್ಪು ಮಾಡುವುದಿಲ್ಲ.

ಇನ್ನು ಒತ್ತುವುದು. ಸೂಜಿ ನೆಟ್ಟಗೆ ನಿಂತಿರಬೇಕು, ಇಲ್ಲವೇ ತುದಿ ಮಂಡಿಯಿಂದ ದೂರಕ್ಕೆ ಒಂದಿಷ್ಟು ವಾಲಿರಬೇಕು, ಮೂಳೆ ಬೆಳೆಯುವ ಜಾಗಕ್ಕೆ ತಾಗದ ಹಾಗೆ. ಎಳನೀರಿಗೆ ತೂತು ಕೊರೆಯುವವರ ಕೈ ನೋಡಿದ್ದೀರಲ್ಲ, ಅದೇ ಚಲನೆ. ಒತ್ತುತ್ತ ಈ ಕಡೆ ಆ ಕಡೆ ತಿರುಗಿಸುವುದು. ಆದರೆ ಆಡಿಸಬಾರದು. ಆಡಿಸಿದರೆ ತೂತು ದೊಡ್ಡದಾಗುತ್ತದೆ, ನೀರು ಪಕ್ಕದಿಂದ ಸೋರುತ್ತದೆ, ಮೀನಖಂಡ ಊದುತ್ತದೆ. ತಿರುಗಿಸುತ್ತ ಹೋದ ಹಾಗೆ ಮೂಳೆಯ ಪುಡಿ ಕರಕರ ಎನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಒಂದು ಕ್ಷಣ ಬರುತ್ತದೆ. ಅದನ್ನು ಮಾತಿನಲ್ಲಿ ಹೇಳುವುದು ಕಷ್ಟ. ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ಅದಕ್ಕೆ ಮೊಳೆ ಒತ್ತಿದರೆ ತಡೆದು ತಡೆದು ಪುಸಕ್ಕನೆ ಒಳಗೆ ಹೋಗುತ್ತದಲ್ಲ, ಹಾಗೆ. ತಡೆ ಹೋದ ಆ ಕ್ಷಣದಲ್ಲೇ ಕೈ ನಿಲ್ಲಬೇಕು. ಅರ್ಧ ಸೆಕೆಂಡ್ ತಡವಾದರೂ ಎಳೆ ಮೂಳೆಯ ಆಚೆ ಗೋಡೆ ದಾಟಿ ಹೋಗಿರುತ್ತೀರಿ. ನಾನು ಪಿಜಿಯಲ್ಲಿ ಬರೆದ ಎರಡು ಪುಟದಲ್ಲಿ ಈ ಪುಸಕ್ ಇರಲಿಲ್ಲ. ಅದು ಕಾಗದದ ಮೇಲೆ ಇರಲು ಸಾಧ್ಯವೂ ಇಲ್ಲ.

ಸೂಜಿ ಹಿಡಿತವಿಲ್ಲದೆ ತಾನೇ ನೆಟ್ಟಗೆ ನಿಂತರೆ ಒಳ್ಳೆಯ ಲಕ್ಷಣ. ಒಳಗಿನ ಕಡ್ಡಿ ತೆಗೆದು ಸಿರಿಂಜಿನಿಂದ ಎಳೆದರೆ ರಕ್ತ ಬೆರೆತ ಮಜ್ಜೆ ಬರಬಹುದು, ಬರದೆಯೂ ಇರಬಹುದು. ಬರಲಿಲ್ಲ ಎಂದು ಸೂಜಿ ಕೀಳಬಾರದು. ಸಲೈನ್ ತಳ್ಳಬೇಕು, ಮೊದಲ ಸಲ ಜೋರಾಗಿ, ಮಜ್ಜೆಯ ಜಾಲ ಬಿಡಿಸಿಕೊಳ್ಳುವ ಹಾಗೆ. ಹೀಗೆ ತೊಳೆಯದಿದ್ದರೆ ಡ್ರಿಪ್ ತೊಟ್ಟಿಕ್ಕುವುದೇ ಇಲ್ಲ. ಇನ್ನೊಂದು ಕೈ ಮೀನಖಂಡದ ಮೇಲಿರಬೇಕು, ಊದುತ್ತಿದೆಯೇ ಎಂದು ನೋಡುತ್ತಿರಬೇಕು. ಕೋಳಿ ಕಾಲಿಗೆ ನಾವು ಅಡುಗೆಯ ಕೆಂಪು ಬಣ್ಣ ಕಲಸಿದ ನೀರು ತಳ್ಳುತ್ತೇವೆ. ಆಮೇಲೆ ಮೂಳೆಯನ್ನು ಸೀಳಿ ನೋಡಿದರೆ ಮಜ್ಜೆಯೆಲ್ಲ ಕೆಂಪಾಗಿದ್ದರೆ ಸರಿ, ಮಾಂಸ ಕೆಂಪಾಗಿದ್ದರೆ ತಪ್ಪು. ಯಾರೂ ವಾದ ಮಾಡುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಕಾಲುಗಳು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ, ಸೂಜಿಗಳು ಬಿಳಿ ಡಬ್ಬಿಗೆ.

ಬೊಂಬೆಯ ಬಗ್ಗೆಯೂ ಹೇಳಬೇಕು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಲೇರ್ಡಾಲ್ ಉಸಿರು ಕೊಡುವುದನ್ನು ಕಲಿಸುವ ಬೊಂಬೆ ಮಾಡಿದ ಮೇಲೆ ತುರ್ತು ಚಿಕಿತ್ಸೆಯ ಪಾಠವೇ ಬದಲಾಯಿತು. ನಮ್ಮಲ್ಲೂ 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮಕ್ಕಳ ವಿಭಾಗದ ವಿದ್ಯಾರ್ಥಿಗಳು ಬೊಂಬೆಯ ಮೇಲೆ ಐಒ ಹಾಕುವ ಹಂತಗಳನ್ನು ಮಾಡಿ ತೋರಿಸಬೇಕು ಎಂದು ಸೇರಿಸಿದ್ದಾರೆ. ಇದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸುದ್ದಿ. ನಮ್ಮ ಕಾಲದಲ್ಲಿ ಬೊಂಬೆಗಳ ಮೇಲೆ ಕೈಕೆಲಸ ಕಲಿಯುವ ಸ್ಕಿಲ್ ಲ್ಯಾಬ್ ಎಂಬ ಹೆಸರೇ ಕೇಳಿರಲಿಲ್ಲ. ಆದರೆ ಬೊಂಬೆಯ ಕಾಲನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹಿಂದಿನ ಬ್ಯಾಚಿನವರು ಮಾಡಿದ ತೂತುಗಳು ಅದರಲ್ಲಿ ಹಾಗೇ ಇರುತ್ತವೆ. ಪ್ಲಾಸ್ಟಿಕ್ ಮೂಳೆಯನ್ನು ಬದಲಿಸಬಹುದು, ಬದಲಿಸಲು ದುಡ್ಡು ಬೇಕು. ವಿದ್ಯಾರ್ಥಿಯ ಸೂಜಿ ಹಳೇ ತೂತಿಗೇ ಜಾರಿ ಇಳಿಯುತ್ತದೆ, ಎಲ್ಲರೂ ಪಾಸು. ಬೊಂಬೆ ಜಾಗ ಎಲ್ಲಿ ಎಂಬುದನ್ನು ಚೆನ್ನಾಗಿ ಕಲಿಸುತ್ತದೆ. ಮೂಳೆಯ ಹಟವನ್ನು ಕಲಿಸಲು ಮೂಳೆಯೇ ಬೇಕು.

ಇಷ್ಟು ಹೇಳಿದರೂ ನಾನು ಕಂಡುಕೊಂಡ ಮುಖ್ಯ ಸಂಗತಿ ಇನ್ನೂ ಹೇಳಿಲ್ಲ. ಕೈ ಕಲಿಯುವುದು ಕಷ್ಟವಲ್ಲ. ಮೂರು ಕೋಳಿ ಕಾಲಿಗೆ ಹಾಕಿದರೆ ಬಹುತೇಕ ಎಲ್ಲರಿಗೂ ಬರುತ್ತದೆ. ಕಷ್ಟವಿರುವುದು ನರ ಹುಡುಕುವುದನ್ನು ನಿಲ್ಲಿಸುವುದರಲ್ಲಿ. ನರ ಹುಡುಕಲು ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತಲೆ ಬಗ್ಗಿಸಿ, ನರ ಉಬ್ಬಲೆಂದು ಕಟ್ಟುವ ಟೂರ್ನಿಕೆ ಪಟ್ಟಿ ಬಿಗಿದು, ಬೆರಳಿನಿಂದ ತಟ್ಟಿ ತಟ್ಟಿ ನೋಡುವಾಗ ಪ್ರಪಂಚವೆಲ್ಲ ಆ ಒಂದು ಅಂಗುಲಕ್ಕೆ ಇಳಿದುಬಿಟ್ಟಿರುತ್ತದೆ. ಜೊತೆಗೆ ಅಭಿಮಾನವೂ ಇರುತ್ತದೆ, ನನ್ನ ಕೈಗೆ ಸಿಗದ ನರ ಉಂಟೇ ಎಂದು. ಮೂಳೆಗೆ ಹಾಕುವುದು ಸೋಲು ಒಪ್ಪಿಕೊಂಡ ಹಾಗೆ, ಮಗುವಿಗೆ ಏನೋ ಘೋರ ಮಾಡಿದ ಹಾಗೆ ಮನಸ್ಸಿಗೆ ಅನ್ನಿಸುತ್ತದೆ. ಹಿಂದಿನ ಪಾಠಗಳಲ್ಲಿ ಒಂದು ಲೆಕ್ಕ ಹೇಳಿಕೊಡುತ್ತಿದ್ದರು: ಮೂರು ಸಲ ಇಲ್ಲವೇ ತೊಂಬತ್ತು ಸೆಕೆಂಡ್, ಯಾವುದು ಮೊದಲೋ ಅದು; ಅಷ್ಟರಲ್ಲಿ ನರ ಸಿಗದಿದ್ದರೆ ಐಒ. ಹೃದಯ ನಿಂತ ಮಗುವಿಗೆ ಅಷ್ಟೂ ಕಾಯಬೇಕಿಲ್ಲ. ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಎಣಿಸುವವರು ಯಾರು?

ಅದಕ್ಕೆ ನಮ್ಮ ಶನಿವಾರದ ಅಭ್ಯಾಸದಲ್ಲಿ ಒಬ್ಬರು ಗಡಿಯಾರದವರು ಇರುತ್ತಾರೆ. ಬೊಂಬೆ ಮಲಗಿಸಿ, ಒಂದು ಕಥೆ ಕೊಟ್ಟು, ಡಾಕ್ಟರ್ ನರ ಹುಡುಕುವ ನಟನೆ ಶುರು ಮಾಡಿದ ಕೂಡಲೇ ಅವರು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತುತ್ತಾರೆ. ಅವರ ಕೆಲಸ ಎರಡೇ. ತೊಂಬತ್ತಾದಾಗ ಗಟ್ಟಿಯಾಗಿ ಹೇಳುವುದು, ಐಒ ಟ್ರೇ ಮುಂದಕ್ಕೆ ಚಾಚುವುದು. ಆ ಕೆಲಸವನ್ನು ನಾನು ಬೇಕೆಂದೇ ಅತ್ಯಂತ ಕಿರಿಯ ಸಿಸ್ಟರ್‌ಗೆ ಕೊಡುತ್ತೇನೆ. ಮೊದಲ ಸಲ ಅವರ ಬಾಯಿಂದ ಮಾತೇ ಹೊರಡುವುದಿಲ್ಲ. ಡಾಕ್ಟರ್ ಕೆಲಸ ಮಾಡುತ್ತಿರುವಾಗ ಸಿಸ್ಟರ್ ಮಧ್ಯೆ ಬಾಯಿ ಹಾಕುವುದು ನಮ್ಮ ಆಸ್ಪತ್ರೆಗಳ ಸಂಸ್ಕಾರದಲ್ಲೇ ಇಲ್ಲ. "ಸಾರ್..." ಅನ್ನುತ್ತಾರೆ, ನಿಲ್ಲಿಸುತ್ತಾರೆ. ನಾನು ಮತ್ತೆ ಮೊದಲಿನಿಂದ ಮಾಡಿಸುತ್ತೇನೆ. ಎರಡನೇ ಸಲ, ಮೂರನೇ ಸಲ. ಅಭ್ಯಾಸ ಮುಗಿದ ಮೇಲೆ ಕೂತು ಮಾತಾಡುವಾಗಲೂ ಡಾಕ್ಟರ್‌ಗಳನ್ನು ಕೇಳುವ ಪ್ರಶ್ನೆ ಒಂದೇ: ಅವರು ಹೇಳಿದಾಗ ನಿಮಗೆ ಏನನ್ನಿಸಿತು? ಒಬ್ಬ ಹೊಸ ಡಾಕ್ಟರ್ ಹೇಳಿದ ಉತ್ತರ ನನಗೆ ಇವತ್ತಿಗೂ ನೆನಪಿದೆ. "ಹೆಗಲ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯ್ತು ಮೇಡಂ, ನಿಲ್ಲಿಸಬಹುದು ಅಂತ ಯಾರೋ ಹೇಳಿದರಲ್ಲ ಅಂತ."

ಐಒ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತ ದೊಡ್ಡವರಲ್ಲಿ ನರವನ್ನು ಮೊದಲು ಪ್ರಯತ್ನಿಸಬೇಕೋ ಮೂಳೆಯನ್ನೋ ಎಂದು ಬ್ರಿಟನ್ನಿನಲ್ಲಿ 6,000ಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿ ನೋಡಿದರು, ಡೆನ್ಮಾರ್ಕಿನಲ್ಲೂ ನೋಡಿದರು. ಎರಡರ ಫಲಿತಾಂಶವೂ 2024ರಲ್ಲಿ ಬಂತು. ಬದುಕಿ ಉಳಿಯುವುದರಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ನರ ಸಿಗುವುದಾದರೆ ನರವೇ ಸರಿ. ಮೂಳೆಯ ಸೂಜಿಯನ್ನು 24 ಗಂಟೆಯೊಳಗೆ ತೆಗೆಯಲೇಬೇಕು. ಸೋಂಕು ಅಪರೂಪ, 1985ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟು ಮಾಡಿ ನೋಡಿದಾಗ ಮೂಳೆ ಸೋಂಕು ಶೇ. 0.6ರಷ್ಟಿತ್ತು. ಎಚ್ಚರವಿರುವ ರೋಗಿಗೆ ಸೂಜಿಗಿಂತ ನೀರು ತಳ್ಳುವಾಗ ಹೆಚ್ಚು ನೋವು. ಅದಕ್ಕೆ ಮೊದಲು ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧವನ್ನು ನಿಧಾನವಾಗಿ ಕೊಡುತ್ತೇವೆ. ಇದೆಲ್ಲ ನಿಜ. ಆದರೆ ಚಿಕ್ಕ ಮಕ್ಕಳ ನರ ನೂಲಿನಷ್ಟು ಸಣ್ಣ, ನಮ್ಮಲ್ಲಿ ಅವರು ಬರುವುದು ನೀರೆಲ್ಲ ಬತ್ತಿದ ಮೇಲೆ. ನಮ್ಮ ಮುಂದಿರುವ ಪ್ರಶ್ನೆ ನರವೋ ಮೂಳೆಯೋ ಎಂಬುದಲ್ಲ. ನರವಂತೂ ಸಿಗಲಿಲ್ಲ, ಈಗೇನು ಎಂಬುದು.

ತಂದೆತಾಯಿಗೆ ಹೇಳುವುದನ್ನೂ ನಾವು ಅಭ್ಯಾಸ ಮಾಡುತ್ತೇವೆ. ಬೆನ್ನಿನಿಂದ ನೀರು ತೆಗೆದರೆ ಮಗು ಕುಂಟಾಗುತ್ತದೆ ಎಂದು ಹೆದರುವ ಊರು ನಮ್ಮದು. ಮೂಳೆಗೆ ಸೂಜಿ ಎಂದರೆ ಕೇಳಬೇಕೇ? ಒಬ್ಬ ಆಯಾ ಅಮ್ಮನ ಪಾತ್ರ ಮಾಡುತ್ತಾರೆ, ತುಂಬ ಚೆನ್ನಾಗಿ ಮಾಡುತ್ತಾರೆ, ಸೆರಗು ಬಾಯಿಗೆ ಒತ್ತಿಕೊಂಡು "ಮೂಳೆ ತೂತು ಮಾಡ್ತೀರಾ? ನನ್ನ ಮಗೀನ ಕಾಲು ಸೊಟ್ಟ ಆಗಲ್ವಾ?" ಎಂದು ಕೇಳುತ್ತಾರೆ. ಹತ್ತು ಸೆಕೆಂಡಿನಲ್ಲಿ ಉತ್ತರ ಕೊಡಬೇಕು. "ಇಲ್ಲ ಕಣಮ್ಮ. ಕೈಯಲ್ಲಿ ನರ ಸಿಗ್ತಿಲ್ಲ. ಮೂಳೆ ಒಳಗೂ ರಕ್ತ ಓಡ್ತಿರುತ್ತೆ, ಅಲ್ಲಿಂದ ನೀರು ಕೊಡ್ತೀವಿ. ನರ ಸಿಕ್ಕ ತಕ್ಷಣ ತೆಗೆದುಬಿಡ್ತೀವಿ." ಇದಕ್ಕಿಂತ ಹೆಚ್ಚು ಹೇಳಲು ಆ ಹೊತ್ತಿನಲ್ಲಿ ಸಮಯವಿಲ್ಲ, ಇದಕ್ಕಿಂತ ಕಡಿಮೆ ಹೇಳಿದರೆ ಆ ತಾಯಿಗೆ ಅನ್ಯಾಯ.

ಹೋದ ವರ್ಷ ಸೆಪ್ಟೆಂಬರಿನಲ್ಲಿ, ಡೆಂಗ್ಯೂ ಜೋರಾಗಿದ್ದ ದಿನಗಳಲ್ಲಿ, ರಾತ್ರಿ ಒಂದು ಗಂಟೆಗೆ ನಾಲ್ಕು ವರ್ಷದ ಹುಡುಗಿಯನ್ನು ಹೊತ್ತು ತಂದರು. ಜ್ವರದ ಐದನೇ ದಿನ. ಬೆಳಿಗ್ಗೆ ಜ್ವರ ಬಿಟ್ಟಿದೆ ಎಂದು ಮನೆಯವರು ಸಮಾಧಾನವಾಗಿದ್ದರಂತೆ. ಡೆಂಗ್ಯೂ ಮೋಸ ಮಾಡುವುದೇ ಅಲ್ಲಿ. ಕೈಕಾಲು ತಣ್ಣಗೆ, ನಾಡಿ ಸಿಕ್ಕೂ ಸಿಗದ ಹಾಗೆ, ಬಿಪಿ ಯಂತ್ರ ಅಂಕೆ ತೋರಿಸಲೇ ಇಲ್ಲ. ನಾನು ಎಡಗೈಗೆ ಪ್ರಯತ್ನಿಸಿದೆ, ಆಗಲಿಲ್ಲ. ಬಲಗೈಗೆ ಪ್ರಯತ್ನಿಸಿದೆ. ಪಾದದ ಮೇಲೆ ನೀಲಿಯಾಗಿ ಏನೋ ಕಂಡ ಹಾಗಾಯಿತು. ಇದು ಸಿಗುತ್ತದೆ ಅನ್ನಿಸಿತು. ತಲೆ ಬಗ್ಗಿಸಿದೆ.

"ಮೇಡಂ, ತೊಂಬತ್ತು ಆಯ್ತು."

ತಲೆ ಎತ್ತಿದೆ. ಆ ವರ್ಷವೇ ಸೇರಿದ ಕಿರಿಯ ಸಿಸ್ಟರ್. ಟ್ರೇ ಬಿಚ್ಚಿ ಹಿಡಿದಿದ್ದರು. ಟವೆಲ್ ಸುರುಳಿ ಆಗಲೇ ಮಂಡಿಯ ಕೆಳಗೆ ಹೋಗಿತ್ತು. ಐದು ತಿಂಗಳ ಹಿಂದೆ ಸ್ಟೋರ್ ರೂಮಿನಲ್ಲಿ "ಸಾರ್..." ಎಂದು ನಿಂತುಬಿಟ್ಟಿದ್ದವರು ಇವರೇ. ನನಗೆ ಇವತ್ತು ಬರೆಯುವಾಗಲೂ ಗಂಟಲು ಕಟ್ಟುತ್ತದೆ. ತೊಂಬತ್ತು ಸೆಕೆಂಡ್ ಕಳೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ಈ ಪಾಠ ಕಲಿಸುವ ನನಗೆ.

ಗುಬ್ಬು, ಒಂದು ಬೆರಳು ಕೆಳಗೆ, ಒಳಮಗ್ಗುಲು. ಮೂಳೆ ನಾಟಿ ಕೋಳಿಯದರ ಹಾಗೆ ಸ್ವಲ್ಪ ಹೊತ್ತು ಹಟ ಹಿಡಿಯಿತು, ಆಮೇಲೆ ಪುಸಕ್ ಎಂದು ಬಿಟ್ಟುಕೊಟ್ಟಿತು. ಮಜ್ಜೆ ಬರಲಿಲ್ಲ. ಸಲೈನ್ ತಳ್ಳಿದೆ, ಮೀನಖಂಡ ಊದಲಿಲ್ಲ. ಹದಿನಾಲ್ಕು ಕೆಜಿ ತೂಕಕ್ಕೆ 280 ಎಂಎಲ್ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ನೀರು. ತಾನಾಗಿ ಹರಿಯಲು ಬಿಟ್ಟರೆ ಬಹಳ ನಿಧಾನ, ಹಾಗಾಗಿ ತ್ರೀ-ವೇ ಎನ್ನುವ ಮೂರು ದಾರಿಯ ನಲ್ಲಿ ಹಾಕಿ ಇಪ್ಪತ್ತು ಎಂಎಲ್ ಸಿರಿಂಜಿನಲ್ಲಿ ಎಳೆದು ತಳ್ಳುವುದು, ಎಳೆದು ತಳ್ಳುವುದು. ಹದಿನಾಲ್ಕು ಸಿರಿಂಜ್. ಸಿಸ್ಟರ್ ಗಟ್ಟಿಯಾಗಿ ಎಣಿಸುತ್ತಿದ್ದರು. ಹನ್ನೊಂದನೆಯದರ ಹೊತ್ತಿಗೆ ಹುಡುಗಿ ಕಾಲು ಎಳೆದುಕೊಂಡು ಅಳಲು ಶುರು ಮಾಡಿದಳು. ನಾಡಿ ಬೆರಳಿಗೆ ಸಿಕ್ಕಿತು. ಆಮೇಲೆ ಎಡಗೈಯಲ್ಲಿ ಒಂದು ನರ ಎದ್ದು ಕಂಡಿತು. ಮೊದಲು ನಾನು ಚುಚ್ಚಿ ಸೋತಿದ್ದ ಜಾಗದಿಂದ ಎರಡೇ ಬೆರಳು ಮೇಲೆ. ಅಲ್ಲಿ ಲೈನ್ ಹಾಕಿ, 108ರಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು.

ಎಂಟು ದಿನ ಬಿಟ್ಟು ಅವಳ ತಾಯಿ ಅವಳನ್ನು ಕರೆದುಕೊಂಡು ಬಂದಿದ್ದರು. ಮಂಡಿಯ ಕೆಳಗೆ ಸೊಳ್ಳೆ ಕಚ್ಚಿದಷ್ಟು ಗುರುತು. ಹುಡುಗಿ ಅದನ್ನು ಕೆರೆಯುತ್ತ ನಿಂತಿದ್ದಳು, ತಾಯಿ ಅವಳ ಕೈಗೆ ಮೆಲ್ಲಗೆ ಹೊಡೆದು "ಮುಟ್ಟಬ್ಯಾಡ ಅಂದ್ನಲ್ಲ" ಅನ್ನುತ್ತಿದ್ದರು.

ಮುಂದಿನ ಶನಿವಾರ ನಾನು ಚಿಕನ್ ಅಂಗಡಿಗೆ ಹೊರಟಾಗ ಆ ಸಿಸ್ಟರ್ ಗೇಟಿನ ಹತ್ತಿರ ಬಂದು ಕೇಳಿದರು. "ಮೇಡಂ, ಈ ಸಲ ನಾಟಿದೇ ತರೋಣ್ವಾ? ನಮ್ಮೂರಿಂದ ನಾನೇ ತರಿಸ್ತೀನಿ. ಬಾಯ್ಲರ್‌ದು ತುಂಬ ಮೆತ್ತಗಾಯ್ತು."